ಹಾಡಿನ ಒಡೆತನದ ಪ್ರಶ್ನೆ: ನಾರ್ಮನ್ ಪೆಟ್ಟಿ ಮತ್ತು ಕ್ಲೋವಿಸ್ ಪಟ್ಟಣದ ಧ್ವನಿಮುದ್ರಣಾಲಯ

ಕೃತಿಯೊಂದರ ಕರ್ತೃ ಯಾರೆಂಬ ಪ್ರಶ್ನೆ ಕನ್ನಡ ವಿದ್ವತ್ತಿಗೆ ಹೊಸತಲ್ಲ. ‘ಕವಿರಾಜಮಾರ್ಗ’ವನ್ನು ರಚಿಸಿದವನು ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆ ಹಲವು ದಶಕಗಳ ಕಾಲ ನಡೆದಿದೆ. ರಚಿಸಿದವನು ಒಬ್ಬ, ರಚನೆಗೆ ಆಶ್ರಯವನ್ನೂ ಸಮ್ಮತಿಯನ್ನೂ ನೀಡಿದವನು ಮತ್ತೊಬ್ಬ ಎಂದಾದಾಗ ಕೃತಿಯ ಮೇಲೆ ಯಾರ ಹೆಸರು ನಿಲ್ಲಬೇಕು ಎಂಬುದು ಆ ಚರ್ಚೆಯ ತಿರುಳುಗಳಲ್ಲೊಂದು. ಆಸ್ಥಾನಗಳು ಅಳಿದ ಮೇಲೂ ಈ ಪ್ರಶ್ನೆ ಅಳಿಯಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅದು ಧ್ವನಿಮುದ್ರಣ ತಂತ್ರಜ್ಞಾನದೊಡನೆ ಹೊಸ ರೂಪವನ್ನು ತಾಳಿತು. ಬಾಯಿಂದ ಕಿವಿಗೆ ದಾಟುವಷ್ಟು ಕಾಲ ಹಾಡಿಗೆ ಒಡೆಯನ ಅಗತ್ಯವಿರಲಿಲ್ಲ. ಅದು ತಟ್ಟೆಯ ಮೇಲೆ ಅಚ್ಚಾಗಿ ಮಾರಾಟದ ಸರಕಾದ ಕೂಡಲೇ ತಟ್ಟೆಯ ನಡುವಿನ ಕಾಗದದ ಚೀಟಿಯ ಮೇಲೆ ಹೆಸರುಗಳನ್ನು ನಮೂದಿಸಬೇಕಾಯಿತು. ಆ ಹೆಸರುಗಳಿಗೆ ತಕ್ಕಂತೆ ಹಣ ಹರಿಯತೊಡಗಿತು.

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಕ್ಲೋವಿಸ್ ಎಂಬ ಸಣ್ಣ ಪಟ್ಟಣದಲ್ಲಿ ಧ್ವನಿಮುದ್ರಣಾಲಯವೊಂದನ್ನು ಕಟ್ಟಿ ನಡೆಸಿದ ನಾರ್ಮನ್ ಪೆಟ್ಟಿಯ ಬದುಕು ಈ ದೃಷ್ಟಿಯಿಂದ ವಿಶೇಷ ಅಧ್ಯಯನಕ್ಕೆ ಅರ್ಹವಾದುದು. ರಾಕ್ ಅಂಡ್ ರೋಲ್ ಸಂಗೀತದ ಚರಿತ್ರೆಯಲ್ಲಿ ಆತನ ಬಗ್ಗೆ ಪರಸ್ಪರ ವಿರುದ್ಧವಾದ ಎರಡು ನಿಲುವುಗಳು ನೆಲೆಯೂರಿವೆ. ಒಂದರ ಪ್ರಕಾರ ಆತ ಹಳ್ಳಿಗಾಡಿನ ಹುಡುಗರಿಗೆ ಬಾಗಿಲು ತೆರೆದ ಪೋಷಕ. ಇನ್ನೊಂದರ ಪ್ರಕಾರ ಅದೇ ಹುಡುಗರ ಹಾಡುಗಳಲ್ಲಿ ಪಾಲು ಪಡೆದ ವ್ಯವಹಾರಸ್ಥ. ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವುದು ಸುಲಭ. ಆದರೆ ಆತನ ಬದುಕಿನ ವಿವರಗಳು ಅಂತಹ ಆಯ್ಕೆಗೆ ಎಡೆಗೊಡುವುದಿಲ್ಲ. ಔದಾರ್ಯವೂ ಒಡೆತನದ ಹಂಬಲವೂ ಆತನಲ್ಲಿ ಒಂದೇ ಬೇರಿನಿಂದ ಹುಟ್ಟಿದವು ಎಂಬುದನ್ನು ಆ ವಿವರಗಳು ತೋರಿಸಿಕೊಡುತ್ತವೆ.

1

ಕ್ಲೋವಿಸ್ ನ್ಯೂ ಮೆಕ್ಸಿಕೊದ ಪೂರ್ವದಂಚಿನಲ್ಲಿ, ಟೆಕ್ಸಸ್ ರಾಜ್ಯದ ಗಡಿಗೆ ಸಮೀಪದಲ್ಲಿದೆ. ಪುರಾತತ್ತ್ವಜ್ಞರಿಗೆ ಈ ಹೆಸರು ಬೇರೊಂದು ಕಾರಣದಿಂದ ಪರಿಚಿತ. ಪಟ್ಟಣದ ಬಳಿಯ ಬ್ಲ್ಯಾಕ್‌ವಾಟರ್ ಡ್ರಾ ಎಂಬ ನೆಲೆಯಲ್ಲಿ ದೊರೆತ ಕಲ್ಲಿನ ಭರ್ಜಿಮೊನೆಗಳ ಆಧಾರದಿಂದ ಸುಮಾರು 13,000 ವರ್ಷಗಳ ಹಿಂದಿನ ಬೇಟೆಗಾರರ ಸಂಸ್ಕೃತಿಗೆ ಕ್ಲೋವಿಸ್ ಸಂಸ್ಕೃತಿ ಎಂದು ಹೆಸರಿಡಲಾಗಿದೆ. ಇಂದಿನ ಪಟ್ಟಣವಾದರೋ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸಾಂಟಾ ಫೆ ರೈಲುಮಾರ್ಗದ ನಿರ್ಮಾಣದೊಂದಿಗೆ ಹುಟ್ಟಿಕೊಂಡದ್ದು. ಮರಗಳು ವಿರಳವಾದ ಬಯಲು, ಬೀಸುಗಾಳಿ, ದನಗಳ ಸಾಕಣೆ, ಬೇಸಾಯ ಹಾಗೂ ರೈಲ್ವೆ ಕೆಲಸ ಇವೇ ಅದರ ಮುಖ್ಯ ಲಕ್ಷಣಗಳು. ಟೆಕ್ಸಸ್‌ನ ಲಬಕ್ ನಗರ ಅಲ್ಲಿಂದ ಸುಮಾರು 100 ಮೈಲಿ ದೂರದಲ್ಲಿದೆ. ನ್ಯೂಯಾರ್ಕ್, ಷಿಕಾಗೊ, ಲಾಸ್ ಏಂಜಲೀಸ್, ನ್ಯಾಶ್‌ವಿಲ್‌ಗಳಂತಹ ಸಂಗೀತೋದ್ಯಮದ ಕೇಂದ್ರಗಳಿಂದ ಅದು ಎಲ್ಲ ಬಗೆಯಿಂದಲೂ ದೂರವಿತ್ತು.

ಇಂತಹ ಊರಿನಲ್ಲಿ ನಾರ್ಮನ್ ಯೂಜೀನ್ ಪೆಟ್ಟಿ 1927ರ ಮೇ 25ರಂದು ಜನಿಸಿದನು. ಆತನ ತಂದೆ ಅಲ್ಲಿಯೇ ಮೋಟಾರು ವಾಹನಗಳ ಗ್ಯಾರೇಜನ್ನು ನಡೆಸುತ್ತಿದ್ದನು. ಬಾಲ್ಯದಲ್ಲಿಯೇ ಪಿಯಾನೊ ಕಲಿತ ಪೆಟ್ಟಿ ಶಾಲಾದಿನಗಳಲ್ಲಿಯೇ ಸ್ಥಳೀಯ ಬಾನುಲಿ ಕೇಂದ್ರದಲ್ಲಿ ಕಾರ್ಯಕ್ರಮಗಳನ್ನು ನೀಡುತ್ತಿದ್ದನು. ಸಂಗೀತ ಮತ್ತು ಧ್ವನಿಯಂತ್ರ ಎರಡರ ಮೇಲೂ ಆಸಕ್ತಿ ಮೂಡಿದ್ದು ಹೀಗೆ. ಸೇನೆಯ ವಾಯುದಳದಲ್ಲಿ ಕೆಲಕಾಲ ಸೇವೆ ಸಲ್ಲಿಸಿದ ನಂತರ 1948ರಲ್ಲಿ ತನ್ನ ಶಾಲಾದಿನಗಳ ಗೆಳತಿ ವಯಲೆಟ್ ಆ್ಯನ್ ಬ್ರೇಡಿಯನ್ನು ಮದುವೆಯಾದನು. ‘ವೈ’ ಎಂಬ ಕಿರುಹೆಸರಿನಿಂದ ಖ್ಯಾತಳಾದ ಆಕೆ ಶಾಸ್ತ್ರೀಯವಾಗಿ ಸಂಗೀತ ಕಲಿತ ಪಿಯಾನೊ ವಾದಕಿ. ದಂಪತಿಗಳು ಕೆಲಕಾಲ ಡಲ್ಲಾಸ್ ನಗರದಲ್ಲಿದ್ದರು. ಅಲ್ಲಿ ಪೆಟ್ಟಿ ಧ್ವನಿಮುದ್ರಣಾಲಯವೊಂದರಲ್ಲಿ ಕೆಲಸ ಮಾಡಿ ಆ ಕಸುಬಿನ ಒಳಹೊರಗನ್ನು ಅರಿತನು. ಅನಂತರ ಇಬ್ಬರೂ ಕ್ಲೋವಿಸ್‌ಗೆ ಮರಳಿದರು.

ಪೆಟ್ಟಿ ಆರ್ಗನ್ನನ್ನೂ, ವೈ ಪಿಯಾನೊವನ್ನೂ, ಜಾಕ್ ವಾನ್ ಎಂಬಾತ ಗಿಟಾರನ್ನೂ ನುಡಿಸುತ್ತ ‘ನಾರ್ಮನ್ ಪೆಟ್ಟಿ ತ್ರಯ’ ಎಂಬ ತಂಡವಾದರು. ಕ್ಲಬ್ಬುಗಳಲ್ಲಿ ಭೋಜನ ಹಾಗೂ ನೃತ್ಯದ ಹಿನ್ನೆಲೆಗೆ ಒಪ್ಪುವ ಸೌಮ್ಯ ವಾದ್ಯಸಂಗೀತ ಅವರದು. ಡ್ಯೂಕ್ ಎಲಿಂಗ್ಟನ್ನನ ಪ್ರಸಿದ್ಧ ರಚನೆ ‘ಮೂಡ್ ಇಂಡಿಗೊ’ವನ್ನು ಅವರು ನುಡಿಸಿದ ಧ್ವನಿಮುದ್ರಿಕೆ 1954ರಲ್ಲಿ ಜನಪ್ರಿಯವಾಯಿತು. 1957ರಲ್ಲಿ ಪ್ರಸಿದ್ಧಿಗೆ ಬಂದ ‘ಆಲ್ಮೋಸ್ಟ್ ಪ್ಯಾರಡೈಸ್’ ಪೆಟ್ಟಿಯ ಸ್ವಂತ ರಚನೆ. ಅದನ್ನು ಬೇರೆ ಪಿಯಾನೊ ವಾದಕರೂ ನುಡಿಸಿ ಹೆಸರು ಗಳಿಸಿದರು. ಇಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ‘ಮೂಡ್ ಇಂಡಿಗೊ’ದ ಕರ್ತೃಗಳ ಸಾಲಿನಲ್ಲಿ ಎಲಿಂಗ್ಟನ್ ಮತ್ತು ವಾದಕ ಬಾರ್ನಿ ಬಿಗಾರ್ಡರ ಜೊತೆಗೆ ಎಲಿಂಗ್ಟನ್ನನ ವ್ಯವಸ್ಥಾಪಕನೂ ಪ್ರಕಾಶಕನೂ ಆಗಿದ್ದ ಅರ್ವಿಂಗ್ ಮಿಲ್ಸ್‌ನ ಹೆಸರೂ ಇದೆ. ಹಾಡನ್ನು ಮಾರುಕಟ್ಟೆಗೆ ಮುಟ್ಟಿಸುವವನು ಅದರ ಕರ್ತೃತ್ವದಲ್ಲಿಯೂ ಪಾಲು ಪಡೆಯುವ ಪದ್ಧತಿ ಅಮೆರಿಕದ ಸಂಗೀತೋದ್ಯಮದಲ್ಲಿ ಅದಾಗಲೇ ರೂಢವಾಗಿತ್ತು. ಪೆಟ್ಟಿಗೆ ಮೊದಲ ಯಶಸ್ಸನ್ನು ತಂದುಕೊಟ್ಟ ರಚನೆಯೇ ಆ ಪದ್ಧತಿಯ ಒಂದು ನಿದರ್ಶನ.

2

ಎರಡನೆಯ ಮಹಾಯುದ್ಧದ ನಂತರ ಧ್ವನಿಮುದ್ರಣದ ತಂತ್ರಜ್ಞಾನದಲ್ಲಿ ದೊಡ್ಡ ಬದಲಾವಣೆಯಾಯಿತು. ಜರ್ಮನಿಯಲ್ಲಿ ರೂಪುಗೊಂಡಿದ್ದ ಕಾಂತೀಯ ಟೇಪಿನ ವಿಧಾನ ಅಮೆರಿಕಕ್ಕೆ ಬಂದು, 1948ರ ಹೊತ್ತಿಗೆ ಆಂಪೆಕ್ಸ್ ಕಂಪನಿಯ ಯಂತ್ರಗಳು ಮಾರುಕಟ್ಟೆಗೆ ಬಂದವು. ಅದುವರೆಗೆ ಧ್ವನಿಯನ್ನು ನೇರವಾಗಿ ತಟ್ಟೆಯ ಮೇಲೆ ಕೊರೆಯಬೇಕಾಗಿತ್ತು. ಒಂದು ತಪ್ಪಾದರೂ ತಟ್ಟೆ ವ್ಯರ್ಥ. ಟೇಪಿನಲ್ಲಾದರೋ ಅಳಿಸಿ ಮತ್ತೆ ಮುದ್ರಿಸಬಹುದು, ಕತ್ತರಿಸಿ ಜೋಡಿಸಬಹುದು, ಒಂದು ಯಂತ್ರದ ಧ್ವನಿಯನ್ನು ಮತ್ತೊಂದಕ್ಕೆ ದಾಟಿಸುತ್ತ ಅದರ ಮೇಲೆ ಹೊಸ ಧ್ವನಿಯನ್ನು ಸೇರಿಸಬಹುದು. ದೊಡ್ಡ ಕಂಪನಿಗಳ ಸ್ವತ್ತಾಗಿದ್ದ ಧ್ವನಿಮುದ್ರಣ ಇದರಿಂದ ಸಣ್ಣ ಊರುಗಳ ಉತ್ಸಾಹಿಗಳಿಗೂ ಎಟುಕುವಂತಾಯಿತು.

ತ್ರಯದ ಗಳಿಕೆಯನ್ನು ಪೆಟ್ಟಿ ಇದಕ್ಕೆ ವಿನಿಯೋಗಿಸಿದನು. ಕ್ಲೋವಿಸ್‌ನ ಪಶ್ಚಿಮ 7ನೆಯ ಬೀದಿಯ 1313ನೆಯ ಸಂಖ್ಯೆಯ ಕಟ್ಟಡದಲ್ಲಿ, ತಂದೆಯ ಗ್ಯಾರೇಜಿನ ಪಕ್ಕದಲ್ಲಿ, ಧ್ವನಿಮುದ್ರಣಾಲಯ ಸಿದ್ಧವಾಯಿತು. ಮೂಲತಃ ಅದು ತನ್ನ ತಂಡದ ಸಂಗೀತವನ್ನು ತನಗೆ ಒಪ್ಪುವಂತೆ ಮುದ್ರಿಸಿಕೊಳ್ಳಲೆಂದು ಕಟ್ಟಿದ್ದು. ಗ್ಯಾರೇಜಿನ ಮೇಲ್ಭಾಗದ ಜಾಗವನ್ನು ಪೆಟ್ಟಿ ಪ್ರತಿಧ್ವನಿ ಕೋಣೆಯಾಗಿ ಮಾರ್ಪಡಿಸಿದನು. ಕೆಳಗೆ ಹಾಡಿದ್ದನ್ನು ಆ ಕೋಣೆಯ ಧ್ವನಿವರ್ಧಕವೊಂದರ ಮೂಲಕ ಹೊರಡಿಸಿ, ಗಟ್ಟಿಗೋಡೆಗಳಿಗೆ ಬಡಿದು ಮರಳುವ ನಾದವನ್ನು ಮತ್ತೊಂದು ತುದಿಯ ಮೈಕ್ ಹಿಡಿದು ಕೆಳಕ್ಕೆ ಕಳುಹಿಸುತ್ತಿತ್ತು. ಮೂಲಧ್ವನಿಗೆ ಅದನ್ನು ಹದವರಿತು ಬೆರೆಸಿದಾಗ ಪುಟ್ಟ ಕೋಣೆಯ ಹಾಡಿಗೆ ವಿಶಾಲ ಸಭಾಂಗಣದ ಗಾಂಭೀರ್ಯ ಬರುತ್ತಿತ್ತು.

ಆದರೆ ಈ ಧ್ವನಿಮುದ್ರಣಾಲಯವನ್ನು ಇತರ ಕಡೆಗಳಿಂದ ಬೇರ್ಪಡಿಸಿದ್ದು ಯಂತ್ರಗಳಿಗಿಂತ ಹೆಚ್ಚಾಗಿ ಅದರ ದರದ ಪದ್ಧತಿ. ನಗರಗಳಲ್ಲಿ ಧ್ವನಿಮುದ್ರಣಕ್ಕೆ ಗಂಟೆಯ ಲೆಕ್ಕದಲ್ಲಿ ಹಣ ತೆರಬೇಕಿತ್ತು. ವಾದಕರ ಸಂಘದ ನಿಯಮದಂತೆ ಮೂರು ಗಂಟೆಗಳ ಅವಧಿಯಲ್ಲಿ ಹಲವು ಹಾಡುಗಳನ್ನು ಮುಗಿಸುವುದು ವಾಡಿಕೆ. ಅನುಭವವಿಲ್ಲದ ಯುವಕರಿಗೆ ಗೋಡೆಯ ಗಡಿಯಾರವೇ ಶತ್ರುವಾಗುತ್ತಿತ್ತು. ಪೆಟ್ಟಿ ಗಂಟೆಗಲ್ಲ, ಹಾಡಿಗೆ ಇಷ್ಟೆಂದು ದರ ನಿಗದಿಪಡಿಸಿದನು. ಒಂದು ಹಾಡು ತೃಪ್ತಿಕರವಾಗಿ ಮೂಡಿಬರಲು ಇಡೀ ರಾತ್ರಿ ಹಿಡಿದರೂ ಹಣ ಹೆಚ್ಚುತ್ತಿರಲಿಲ್ಲ. ಕೆಲಸ ನಡೆಯುತ್ತಿದ್ದುದೂ ಹೆಚ್ಚಾಗಿ ರಾತ್ರಿಯ ಹೊತ್ತಿನಲ್ಲಿಯೇ. ಹಗಲು ಹೊರಗಿನ ರಸ್ತೆಯಲ್ಲಿ ಸಾಗುವ ಲಾರಿಗಳ ಸದ್ದು ಮುದ್ರಣದೊಳಕ್ಕೆ ನುಸುಳುತ್ತಿತ್ತು. ದೂರದಿಂದ ಬಂದ ತಂಡಗಳಿಗೆ ಹಿಂಬದಿಯ ಕೋಣೆಗಳಲ್ಲಿ ಮಲಗಲು, ಅಡುಗೆ ಮಾಡಿಕೊಳ್ಳಲು ಅನುಕೂಲವಿತ್ತು. ಕಾಲದ ಒತ್ತಡದಿಂದ ಬಿಡುಗಡೆ ಪಡೆದ ಕಲಾವಿದ ಪ್ರಯೋಗಕ್ಕೆ ಧೈರ್ಯ ಮಾಡುತ್ತಾನೆ ಎಂಬ ತಿಳಿವಳಿಕೆ ಈ ಏರ್ಪಾಡಿನ ಹಿಂದೆ ಇದ್ದಂತಿದೆ.

ಪಶ್ಚಿಮ ಟೆಕ್ಸಸ್‌ನ ಯುವ ತಂಡಗಳು ಒಂದೊಂದಾಗಿ ಕ್ಲೋವಿಸ್ ಹಾದಿ ಹಿಡಿದವು. ರಾಯ್ ಆರ್ಬಿಸನ್ ತನ್ನ ‘ಟೀನ್ ಕಿಂಗ್ಸ್’ ತಂಡದೊಂದಿಗೆ 1956ರಲ್ಲಿ ಇಲ್ಲಿ ‘ಊಬಿ ಡೂಬಿ’ಯನ್ನು ಮುದ್ರಿಸಿದನು. ಮುಂದೆ ಅದೇ ಹಾಡನ್ನು ಮೆಂಫಿಸ್‌ನ ಸನ್ ಸಂಸ್ಥೆಯಲ್ಲಿ ಮರುಮುದ್ರಿಸಿ ಪ್ರಸಿದ್ಧನಾದನು. ಅದೇ ವರ್ಷ ಬಡಿ ನಾಕ್ಸ್ ಮತ್ತು ಜಿಮಿ ಬೋವೆನ್ ಎಂಬ ವಿದ್ಯಾರ್ಥಿಗಳು ತಮ್ಮ ತಂಡದೊಂದಿಗೆ ಬಂದರು. ಅವರು ಮುದ್ರಿಸಿದ ‘ಪಾರ್ಟಿ ಡಾಲ್’ 1957ರಲ್ಲಿ ದೇಶದ ಜನಪ್ರಿಯತೆಯ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಕಾಲೇಜು ಹುಡುಗರು ಸಣ್ಣ ಊರೊಂದರಲ್ಲಿ ಮುದ್ರಿಸಿದ ಹಾಡು ಮಹಾನಗರಗಳ ಹಾಡುಗಳನ್ನು ಹಿಂದಿಕ್ಕಿದ್ದು ಆ ಪ್ರದೇಶದ ಯುವಕರ ಪಾಲಿಗೆ ದೊಡ್ಡ ಭರವಸೆಯಾಯಿತು.

3

ಚಾರ್ಲ್ಸ್ ಹಾರ್ಡಿನ್ ಹಾಲಿ 1936ರ ಸೆಪ್ಟೆಂಬರ್ 7ರಂದು ಲಬಕ್‌ನಲ್ಲಿ ಜನಿಸಿದನು. ಬಡಿ ಹಾಲಿ ಎಂಬುದು ಆತನ ಪ್ರಸಿದ್ಧ ನಾಮ. 1956ರಲ್ಲಿ ಡೆಕ್ಕಾ ಕಂಪನಿ ಆತನನ್ನು ಒಪ್ಪಂದಕ್ಕೆ ಒಳಪಡಿಸಿ ನ್ಯಾಶ್‌ವಿಲ್‌ನಲ್ಲಿ ಮೂರು ಬಾರಿ ಧ್ವನಿಮುದ್ರಣ ನಡೆಸಿತು. ನಗರದ ಪದ್ಧತಿಗೆ ಹಾಲಿ ಹೊಂದಿಕೊಳ್ಳಲಿಲ್ಲ, ಹಾಲಿಯ ಸಂಗೀತ ನಗರಕ್ಕೆ ಹಿಡಿಸಲಿಲ್ಲ. ಅಲ್ಲಿ ಮುದ್ರಣಗೊಂಡ ಹಾಡುಗಳಲ್ಲಿ ‘ದಟ್ಲ್ ಬಿ ದ ಡೇ’ ಎಂಬುದೂ ಒಂದು. ಕಂಪನಿ ಅದನ್ನು ಬಿಡುಗಡೆ ಮಾಡದೆ ಬದಿಗಿರಿಸಿ, ಹಾಲಿಯೊಂದಿಗಿನ ಒಪ್ಪಂದವನ್ನು ಮುಂದುವರಿಸಲಿಲ್ಲ. ಅಲ್ಲಿ ಮುದ್ರಿಸಿದ ಹಾಡುಗಳನ್ನು ಐದು ವರ್ಷಗಳ ಕಾಲ ಬೇರೆಡೆ ಮುದ್ರಿಸಬಾರದೆಂಬ ಕರಾರು ಮಾತ್ರ ಉಳಿಯಿತು.

1957ರ ಫೆಬ್ರವರಿ 25ರಂದು ಹಾಲಿ ಮತ್ತು ಸಂಗಡಿಗರು ಕ್ಲೋವಿಸ್‌ನಲ್ಲಿ ಅದೇ ಹಾಡನ್ನು ಮತ್ತೆ ಮುದ್ರಿಸಿದರು. ಕರಾರಿನಿಂದ ತಪ್ಪಿಸಿಕೊಳ್ಳಲು ಹಾಲಿಯ ಹೆಸರಿನ ಬದಲು ‘ದ ಕ್ರಿಕೆಟ್ಸ್’ ಎಂಬ ತಂಡದ ಹೆಸರನ್ನು ಬಳಸಲಾಯಿತು. ಮಿಡತೆಯ ಜಾತಿಗೆ ಸೇರಿದ, ರಾತ್ರಿ ಚಿಲಿಪಿಲಿಗುಟ್ಟುವ ಕೀಟದ ಹೆಸರು ಅದು. ಪೆಟ್ಟಿ ಮುದ್ರಿಕೆಯನ್ನು ನ್ಯೂಯಾರ್ಕಿಗೆ ಒಯ್ದನು. ಪಿಯರ್-ಸದರ್ನ್ ಪ್ರಕಾಶನ ಸಂಸ್ಥೆಯ ಮರ್ರೆ ಡಾಯ್ಚ್ ಹಾಗೂ ಕೋರಲ್-ಬ್ರನ್ಸ್‌ವಿಕ್ ಸಂಸ್ಥೆಯ ಬಾಬ್ ಥೀಲ್ ಅದರಲ್ಲಿ ಆಸಕ್ತಿ ತಳೆದರು. ಬ್ರನ್ಸ್‌ವಿಕ್ ಡೆಕ್ಕಾದ್ದೇ ಅಂಗಸಂಸ್ಥೆಯಾಗಿದ್ದುದು ಈ ಕಥೆಯ ವ್ಯಂಗ್ಯ. ಒಂದು ಬಾಗಿಲಿನಿಂದ ಹೊರಗೆ ಹೋದ ಹಾಡು ಇನ್ನೊಂದು ಬಾಗಿಲಿನಿಂದ ಅದೇ ಮನೆಯನ್ನು ಹೊಕ್ಕಿತು. ಮೇ 27ರಂದು ಬಿಡುಗಡೆಯಾದ ಧ್ವನಿಮುದ್ರಿಕೆ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿಯೂ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿಯೂ ಅಗ್ರಸ್ಥಾನಕ್ಕೇರಿತು.

ಅನಂತರದ ಕೆಲವು ತಿಂಗಳುಗಳು ಕ್ಲೋವಿಸ್ ಧ್ವನಿಮುದ್ರಣಾಲಯದ ಅತ್ಯಂತ ಫಲವತ್ತಾದ ಅವಧಿ. ಆ ಅವಧಿಯ ಹಾಡುಗಳ ರಚನಾಕ್ರಮವನ್ನು ಪರಿಶೀಲಿಸಿದರೆ ಕರ್ತೃತ್ವದ ಪ್ರಶ್ನೆಯ ಜಟಿಲತೆ ಅರಿವಾಗುತ್ತದೆ. ‘ವರ್ಡ್ಸ್ ಆಫ್ ಲವ್’ನಲ್ಲಿ ಹಾಲಿ ತನ್ನದೇ ಧ್ವನಿಗೆ ತಾನೇ ಜೊತೆಗೊಟ್ಟು ಹಾಡಿದ್ದಾನೆ. ಎರಡು ಟೇಪ್ ಯಂತ್ರಗಳ ನಡುವೆ ಧ್ವನಿಯನ್ನು ದಾಟಿಸುವ ಪೆಟ್ಟಿಯ ಕೈಚಳಕವಿಲ್ಲದೆ ಅದು ಸಾಧ್ಯವಿರಲಿಲ್ಲ. ‘ಎವ್ರಿಡೇ’ಯಲ್ಲಿ ಡ್ರಮ್ ವಾದಕ ಜೆರಿ ಆಲಿಸನ್ ಡ್ರಮ್ಮನ್ನು ಬಿಟ್ಟು ತನ್ನ ತೊಡೆಗಳನ್ನೇ ತಟ್ಟಿ ತಾಳ ಒದಗಿಸಿದನು. ಕಿರುಗಂಟೆಗಳ ನಾದವನ್ನು ಹೊರಡಿಸುವ ಸೆಲೆಸ್ಟ ಎಂಬ ಕೀಲಿಮಣೆ ವಾದ್ಯವನ್ನು ವೈ ಪೆಟ್ಟಿ ನುಡಿಸಿದಳು. ಆ ಹಾಡನ್ನು ನೆನೆದವರಿಗೆ ಮೊದಲು ಕಿವಿಯಲ್ಲಿ ಮೊಳಗುವುದು ಆಕೆಯ ಸೆಲೆಸ್ಟವೇ. ‘ನಾಟ್ ಫೇಡ್ ಅವೇ’ಯಲ್ಲಿ ಆಲಿಸನ್ ರಟ್ಟಿನ ಡಬ್ಬವನ್ನು ಬಡಿದು ಲಯ ಕಟ್ಟಿದನು.

1957ರ ಜುಲೈ 1ರಂದು ಮುದ್ರಣಗೊಂಡ ‘ಪೆಗಿ ಸೂ’ ಇನ್ನೂ ಸ್ಪಷ್ಟವಾದ ಉದಾಹರಣೆ. ಹಾಲಿ ಅದಕ್ಕೆ ಮೊದಲು ಬೇರೊಂದು ಹೆಸರಿಟ್ಟಿದ್ದನು. ಆಲಿಸನ್ನನ ಗೆಳತಿಯ ಹೆಸರು ಬಂದದ್ದು ಆತನ ಕೋರಿಕೆಯಿಂದ. ಎಡೆಬಿಡದೆ ಉರುಳುವ ಡ್ರಮ್ಮಿನ ನಡೆ ಆಲಿಸನ್ನನದು. ಅದರ ಅಬ್ಬರ ಹಾಡುಗಾರನ ಮೈಕಿಗೆ ನುಗ್ಗದಿರಲೆಂದು ಆತನನ್ನು ಹೊರಗಿನ ಕೊಠಡಿಯಲ್ಲಿ ಕೂರಿಸಲಾಯಿತು. ಡ್ರಮ್ಮಿನ ಧ್ವನಿಯನ್ನು ಪ್ರತಿಧ್ವನಿ ಕೋಣೆಗೆ ಹರಿಸುವ ಗುಂಡಿಯನ್ನು ಪೆಟ್ಟಿ ಲಯಬದ್ಧವಾಗಿ ತಿರುಗಿಸುತ್ತ ಹೋದದ್ದರಿಂದ ಆ ಧ್ವನಿ ಹತ್ತಿರ ಬಂದಂತೆಯೂ ದೂರ ಸರಿದಂತೆಯೂ ಕೇಳಿಸುತ್ತದೆ. ನಡುವಿನ ಗಿಟಾರ್ ಭಾಗಕ್ಕೆ ಧ್ವನಿಯ ಬಣ್ಣ ಬದಲಾಗಬೇಕಿತ್ತು. ನುಡಿಸುತ್ತಿದ್ದ ಹಾಲಿಗೆ ಕೈ ಬಿಡುವಿರಲಿಲ್ಲ. ತಂಡದ ಇನ್ನೊಬ್ಬ ಗಿಟಾರ್ ವಾದಕ ನಿಕಿ ಸಲಿವನ್ ತನ್ನ ವಾದ್ಯವನ್ನು ಕೆಳಗಿಟ್ಟು, ಹಾಲಿಯ ಪಕ್ಕದಲ್ಲಿ ಕುಳಿತು, ಸರಿಯಾದ ಗಳಿಗೆಯಲ್ಲಿ ಆತನ ಗಿಟಾರಿನ ಗುಂಡಿಯನ್ನು ಬದಲಿಸಿದನು. ಆ ಹಾಡಿನಲ್ಲಿ ಸಲಿವನ್ನನ ವಾದನ ಕೇಳಿಸುವುದಿಲ್ಲ. ಆದರೂ ಆತನ ಕೈಯಿಲ್ಲದೆ ಅದು ಹಾಗೆ ಮೂಡುತ್ತಿರಲಿಲ್ಲ. ಇನ್ನೊಂದು ಹಾಡಿನ ಮುದ್ರಣದ ವೇಳೆ ನಿಜವಾದ ಕೀಟವೊಂದು ಪ್ರತಿಧ್ವನಿ ಕೋಣೆಯನ್ನು ಹೊಕ್ಕಿತ್ತು. ‘ಐ ಆ್ಯಮ್ ಗೋನಾ ಲವ್ ಯೂ ಟೂ’ ಎಂಬ ಆ ಹಾಡಿನ ಕೊನೆಯಲ್ಲಿ ಅದರ ಚಿಲಿಪಿಲಿಯೂ ಉಳಿದುಕೊಂಡಿದೆ.

ಹೀಗೆ ಕ್ಲೋವಿಸ್‌ನಲ್ಲಿ ಹಾಡೆಂದರೆ ಸಾಹಿತ್ಯ ಮತ್ತು ಮಟ್ಟು ಮಾತ್ರವಾಗಿರಲಿಲ್ಲ. ಕೋಣೆ, ಯಂತ್ರ, ತೊಡೆ, ರಟ್ಟಿನ ಡಬ್ಬ, ಆಕಸ್ಮಿಕಗಳೆಲ್ಲವೂ ಸೇರಿ ಆಗುವ ರಚನೆಯಾಗಿತ್ತು. ಕಾನೂನಿನ ದೃಷ್ಟಿಯಲ್ಲಿಯಾದರೋ ಕರ್ತೃತ್ವವೆಂದರೆ ಸಾಹಿತ್ಯ ಮತ್ತು ಮಟ್ಟಿನ ಕರ್ತೃತ್ವವೇ. ಧ್ವನಿಯನ್ನು ರೂಪಿಸಿದವನಿಗೆ ಅದರಲ್ಲಿ ಸ್ಥಾನವಿರಲಿಲ್ಲ.

4

ಆ ಸ್ಥಾನವನ್ನು ಪೆಟ್ಟಿ ಬೇರೊಂದು ದಾರಿಯಿಂದ ಪಡೆದುಕೊಂಡನು. ‘ದಟ್ಲ್ ಬಿ ದ ಡೇ’ಯ ಕರ್ತೃಗಳಾಗಿ ಹಾಲಿ ಮತ್ತು ಆಲಿಸನ್ನರ ಜೊತೆಗೆ ಪೆಟ್ಟಿಯ ಹೆಸರೂ ನಮೂದಾಯಿತು. ಆ ಹಾಡು ಕ್ಲೋವಿಸ್‌ಗೆ ಬರುವ ಮೊದಲೇ, 1956ರ ಜುಲೈ ತಿಂಗಳಲ್ಲಿ, ನ್ಯಾಶ್‌ವಿಲ್‌ನಲ್ಲಿ ಮುದ್ರಣಗೊಂಡಿತ್ತೆಂಬುದು ಇಲ್ಲಿ ನಿರ್ಣಾಯಕ ಆಧಾರ. ಹಾಡಿನ ರಚನೆಯಲ್ಲಿ ಪೆಟ್ಟಿಯ ಪಾತ್ರವಿರಲು ಸಾಧ್ಯವಿಲ್ಲ. ಅದರ ಯಶಸ್ವಿ ರೂಪದಲ್ಲಿ ಮಾತ್ರ ಆತನ ಪಾಲು ನಿರ್ವಿವಾದ. ‘ಪೆಗಿ ಸೂ’ ಮೊದಲು ಹೊರಬಂದಾಗ ಅದರ ಮೇಲೆ ಆಲಿಸನ್ ಮತ್ತು ಪೆಟ್ಟಿಯರ ಹೆಸರುಗಳಿದ್ದವು. ಮೂಲ ರಚನಕಾರ ಹಾಲಿಯ ಹೆಸರು ಸೇರಿದ್ದು ಆಮೇಲೆ. ‘ಎವ್ರಿಡೇ’ ಮತ್ತು ‘ನಾಟ್ ಫೇಡ್ ಅವೇ’ಗಳಲ್ಲಿ ಪೆಟ್ಟಿಯ ಜೊತೆಗೆ ಕಾಣಿಸುವ ಚಾರ್ಲ್ಸ್ ಹಾರ್ಡಿನ್ ಎಂಬ ಹೆಸರು ಹಾಲಿಯದೇ. ಹಳೆಯ ಒಪ್ಪಂದಗಳ ತೊಡಕಿನಿಂದ ಆತ ತನ್ನ ಹೆಸರಿನ ಅರ್ಧದಲ್ಲಿ ಅಡಗಿಕೊಳ್ಳಬೇಕಾಗಿತ್ತು. ಸನಿ ವೆಸ್ಟ್ ಮತ್ತು ಬಿಲ್ ಟಿಲ್ಮನ್ ಎಂಬವರ ‘ಓ ಬಾಯ್’ ಹಾಗೂ ‘ರೇವ್ ಆನ್’ ಹಾಡುಗಳಿಗೂ ಪೆಟ್ಟಿ ಮೂರನೆಯ ಕರ್ತೃವಾದನು. ಹಾಡುಗಳ ಪ್ರಕಾಶನಕ್ಕೆ ‘ನಾರ್-ವ-ಜಾಕ್’ ಎಂಬ ಆತನ ಸ್ವಂತ ಸಂಸ್ಥೆಯಿತ್ತು. ನಾರ್ಮನ್, ವೈ, ಜಾಕ್ ಎಂಬ ತ್ರಯದ ಹೆಸರುಗಳನ್ನು ಕೂಡಿಸಿ ಮಾಡಿದ ಹೆಸರದು.

ಮುದ್ರಕ, ನಿರ್ಮಾಪಕ, ಸಹಕರ್ತೃ, ಪ್ರಕಾಶಕ ಈ ನಾಲ್ಕು ಪಾತ್ರಗಳ ಜೊತೆಗೆ ತಂಡದ ವ್ಯವಸ್ಥಾಪಕನ ಪಾತ್ರವೂ ಸೇರಿತು. ಹಾಲಿ ಮತ್ತು ಸಂಗಡಿಗರ ಆದಾಯವೆಲ್ಲ ಪೆಟ್ಟಿಯ ಕೈಯ ಮೂಲಕವೇ ಹಾಯುತ್ತಿತ್ತು. ಇಪ್ಪತ್ತರ ಆಸುಪಾಸಿನ ಯುವಕರಿಗೆ ಮೊದಮೊದಲು ಅದು ಹೊರೆ ಇಳಿದಂತೆಯೇ ತೋರಿರಬೇಕು. ಗಡಿಯಾರದ ಭಯದಿಂದ ಅವರನ್ನು ಬಿಡಿಸಿದವನೇ ಲೆಕ್ಕಪತ್ರದ ಕಾಟದಿಂದಲೂ ಬಿಡಿಸಿದ್ದನು. ಗಂಟೆಗೆ ದರ ಕೇಳದ ಧ್ವನಿಮುದ್ರಣಾಲಯ ತನ್ನ ಬೆಲೆಯನ್ನು ಹಾಡಿನ ಭವಿಷ್ಯದಿಂದ ವಸೂಲು ಮಾಡುತ್ತಿತ್ತು ಎಂಬುದು ಕಾಲಕ್ರಮದಲ್ಲಿ ಸ್ಪಷ್ಟವಾಯಿತು.

1958ರ ಆಗಸ್ಟ್‌ನಲ್ಲಿ ಹಾಲಿ, ನ್ಯೂಯಾರ್ಕಿನ ಪಿಯರ್-ಸದರ್ನ್ ಸಂಸ್ಥೆಯಲ್ಲಿ ಕೆಲಸದಲ್ಲಿದ್ದ ಮರಿಯಾ ಎಲೆನಾ ಸ್ಯಾಂಟಿಯಾಗೊಳನ್ನು ಮದುವೆಯಾದನು. ಆ ವರ್ಷದ ಸೆಪ್ಟೆಂಬರಿನಲ್ಲಿ ಆತ ಸ್ವತಃ ನಿರ್ಮಾಪಕನಾಗಿ ವೇಲನ್ ಜೆನಿಂಗ್ಸ್ ಎಂಬ ಲಬಕ್‌ನ ಬಾನುಲಿ ನಿರೂಪಕನ ಮೊದಲ ಹಾಡನ್ನು ಕ್ಲೋವಿಸ್‌ನಲ್ಲಿಯೇ ಮುದ್ರಿಸಿದನು. ಗುರುವಿನ ಕೋಣೆಯಲ್ಲಿ ಶಿಷ್ಯ ಗುರುವಿನ ಕಸುಬಿಗೆ ಕೈಹಾಕಿದ ಗಳಿಗೆಯದು. ವರ್ಷದ ಕೊನೆಯ ಹೊತ್ತಿಗೆ ಹಾಲಿ ಪೆಟ್ಟಿಯಿಂದ ಬೇರೆಯಾದನು. ಆಲಿಸನ್ ಮತ್ತು ಜೋ ಮಾಲ್ಡಿನ್ ಪೆಟ್ಟಿಯೊಡನೆ ಉಳಿದರು. ಹಣಕಾಸಿನ ಲೆಕ್ಕ ಇತ್ಯರ್ಥವಾಗದೆ ಹಾಲಿಯ ಪಾಲು ತಡೆಹಿಡಿಯಲ್ಪಟ್ಟಿತು. ನ್ಯೂಯಾರ್ಕಿನಲ್ಲಿ ಸಂಸಾರ ಹೂಡಿದ್ದ ಆತ ಹಣದ ಅಗತ್ಯದಿಂದ 1959ರ ಜನವರಿಯಲ್ಲಿ ಚಳಿಗಾಲದ ಪ್ರವಾಸ ಕಾರ್ಯಕ್ರಮವೊಂದಕ್ಕೆ ಒಪ್ಪಿಕೊಂಡನು. ಫೆಬ್ರವರಿ 3ರ ನಸುಕಿನಲ್ಲಿ ಅಯೋವಾ ರಾಜ್ಯದ ಕ್ಲಿಯರ್ ಲೇಕ್ ಬಳಿ ಪುಟ್ಟ ವಿಮಾನವೊಂದು ಬಿದ್ದು ಹಾಲಿ, ರಿಚಿ ವ್ಯಾಲೆನ್ಸ್, ಜೆ. ಪಿ. ರಿಚರ್ಡ್‌ಸನ್ ಹಾಗೂ ಚಾಲಕ ಸಾವನ್ನಪ್ಪಿದರು. ಹಾಲಿಗೆ ಆಗ 22 ವರ್ಷ. ಆ ವಿಮಾನದಲ್ಲಿ ತನಗಿದ್ದ ಸ್ಥಳವನ್ನು ರಿಚರ್ಡ್‌ಸನ್ನನಿಗೆ ಬಿಟ್ಟುಕೊಟ್ಟಿದ್ದವನು ಜೆನಿಂಗ್ಸ್.

ಈ ಸಾವಿಗೆ ಪೆಟ್ಟಿಯನ್ನು ಹೊಣೆಯಾಗಿಸುವುದು ತರ್ಕಬದ್ಧವಲ್ಲ. ವಿಮಾನ ಬೀಳಲು ಹವಾಮಾನ ಮತ್ತು ಹಾರಾಟದ ಸಂದರ್ಭಗಳು ಕಾರಣವೇ ಹೊರತು ಲೆಕ್ಕಪತ್ರವಲ್ಲ. ಆದರೆ ಇತ್ಯರ್ಥವಾಗದೆ ಉಳಿದ ಆ ಲೆಕ್ಕವನ್ನು ಹೊರತುಪಡಿಸಿ ಆ ಪ್ರವಾಸದ ಕಥೆಯನ್ನು ಪೂರ್ಣವಾಗಿ ಹೇಳಲಾಗುವುದಿಲ್ಲ. ಪೆಟ್ಟಿಯ ಉಳಿದ ಬದುಕಿನ ಮೇಲೆ ಈ ನೆರಳು ಕವಿದೇ ಇತ್ತು.

5

ಹಾಲಿಯ ಮರಣಾನಂತರದ ಸಂಗತಿ ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಕುತೂಹಲಕರವಾದುದು. ಹಾಲಿ ನ್ಯೂಯಾರ್ಕಿನ ತನ್ನ ಮನೆಯಲ್ಲಿ ಗಿಟಾರನ್ನಷ್ಟೇ ನುಡಿಸುತ್ತ ಹಾಡಿ ಮುದ್ರಿಸಿಟ್ಟಿದ್ದ ಟೇಪುಗಳೂ ಹಳೆಯ ಅಪ್ರಕಟಿತ ಮುದ್ರಣಗಳೂ ಉಳಿದಿದ್ದವು. ಅವುಗಳಲ್ಲಿ ಕೆಲವಕ್ಕೆ ನ್ಯೂಯಾರ್ಕಿನಲ್ಲಿಯೇ ವಾದ್ಯಗಳನ್ನು ಸೇರಿಸಿ ಬಿಡುಗಡೆ ಮಾಡಲಾಯಿತು. ಅನಂತರ ಹಾಲಿಯ ತಂದೆತಾಯಿಗಳ ಸಮ್ಮತಿಯೊಡನೆ ಆ ಕೆಲಸ ಪೆಟ್ಟಿಯ ಕೈಗೆ ಬಂತು. 1962ರಿಂದ ಆತ ಕ್ಲೋವಿಸ್‌ನಲ್ಲಿ ‘ಫೈರ್‌ಬಾಲ್ಸ್’ ತಂಡದ ವಾದನವನ್ನು ಹಾಲಿಯ ಧ್ವನಿಗೆ ಜೋಡಿಸಿದನು. 1963ರ ‘ರೆಮಿನಿಸಿಂಗ್’ ಮೊದಲ್ಗೊಂಡು 1969ರ ‘ಜಯಂಟ್’ವರೆಗೆ ಹಲವು ಸಂಪುಟಗಳು ಹೀಗೆ ಹೊರಬಂದವು. 1963ರಲ್ಲಿ ‘ಬೊ ಡಿಡ್ಲಿ’ ಹಾಗೂ ‘ಬ್ರೌನ್ ಐಡ್ ಹ್ಯಾಂಡ್ಸಮ್ ಮ್ಯಾನ್’ ಬ್ರಿಟನ್ನಿನ ಮೊದಲ ಐದು ಹಾಡುಗಳ ಸಾಲನ್ನು ಸೇರಿದವು. ಹಾಲಿಯ ಧ್ವನಿಗೆ ಹಿಮ್ಮೇಳ ನುಡಿಸಿದ ಆ ವಾದಕರು ಹಾಲಿಯ ಮುಂದೆ ಕುಳಿತು ನುಡಿಸಿದವರಲ್ಲ.

ಓಲೆಗರಿಯ ಪ್ರತಿಯಲ್ಲಿ ಲಿಪಿಕಾರನು ಪದ್ಯವೊಂದನ್ನು ಸೇರಿಸಿದಾಗ ಸಂಪಾದಕರು ಅದನ್ನು ಪ್ರಕ್ಷೇಪವೆಂದು ಗುರುತಿಸುತ್ತಾರೆ. ಪೆಟ್ಟಿ ಮಾಡಿದ್ದು ಪ್ರಕ್ಷೇಪವೋ ಪೂರಣವೋ ಎಂಬ ಪ್ರಶ್ನೆಗೆ ಕೇಳುಗರು ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. ಒಂದು ತಲೆಮಾರಿಗೆ ಹಾಲಿಯ ಕೊನೆಯ ಹಾಡುಗಳು ತಲುಪಿದ್ದು ಈ ರೂಪದಲ್ಲಿಯೇ. ಮುಂದಿನ ದಶಕಗಳಲ್ಲಿ ಮೂಲ ಟೇಪುಗಳು, ಸೇರಿಕೆಗಳಿಲ್ಲದ ರೂಪದಲ್ಲಿ, ಹೊರಬಂದಾಗ ಎರಡು ಪಾಠಗಳನ್ನು ಹೋಲಿಸುವ ಅವಕಾಶ ದೊರೆಯಿತು. ಬರಿಯ ಗಿಟಾರಿನೊಂದಿಗೆ ಕೇಳಿಬರುವ ಧ್ವನಿಯ ಆಪ್ತತೆ ಅನೇಕರನ್ನು ಸೆಳೆಯಿತು. ಆದರೆ ಪೆಟ್ಟಿ ಮೂಲವನ್ನು ಅಳಿಸದೆ ಅದರ ಮೇಲೆ ಕಟ್ಟಿದ್ದನ್ನು, ಮೂಲ ಉಳಿದದ್ದರಿಂದಲೇ ಹೋಲಿಕೆ ಸಾಧ್ಯವಾದುದನ್ನು ಮರೆಯುವಂತಿಲ್ಲ.

6

ಹಾಲಿಯೊಂದಿಗೆ ಕ್ಲೋವಿಸ್‌ನ ಚರಿತ್ರೆ ಮುಗಿಯಲಿಲ್ಲ. ಟೆಕ್ಸಸ್‌ನ ‘ಸ್ಟ್ರಿಂಗ್-ಎ-ಲಾಂಗ್ಸ್’ ತಂಡದ ವಾದ್ಯರಚನೆ ‘ವೀಲ್ಸ್’ 1961ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೂರನೆಯ ಸ್ಥಾನ ಪಡೆಯಿತು. ನ್ಯೂ ಮೆಕ್ಸಿಕೊದ ರಾಟೋನ್ ಪಟ್ಟಣದ ಫೈರ್‌ಬಾಲ್ಸ್ ತಂಡ ಜಿಮಿ ಗಿಲ್ಮರ್‌ನ ಗಾಯನದೊಂದಿಗೆ ಮುದ್ರಿಸಿದ ‘ಷುಗರ್ ಷ್ಯಾಕ್’ 1963ರ ಶರತ್ಕಾಲದಲ್ಲಿ ಐದು ವಾರಗಳ ಕಾಲ ಅಗ್ರಸ್ಥಾನದಲ್ಲಿತ್ತು. ಆ ಹಾಡಿನ ಗುರುತಾದ ಕೀರಲು ಸ್ವರ ಸೊಲೊವಾಕ್ಸ್ ಎಂಬ ವಿದ್ಯುತ್ ಕೀಲಿಮಣೆಯದು. ಅದು ಪೆಟ್ಟಿಯ ಸೇರ್ಪಡೆ. ಅದೇ ತಂಡದ ‘ಬಾಟಲ್ ಆಫ್ ವೈನ್’ 1968ರಲ್ಲಿ ಮೊದಲ ಹತ್ತರೊಳಗೆ ಬಂತು. ಪೆಟ್ಟಿ ಊರಿನ ಮುಖ್ಯಬೀದಿಯ ಮೇಸಾ ಚಿತ್ರಮಂದಿರವನ್ನು ಕೊಂಡು ಅಲ್ಲಿ ದೊಡ್ಡ ಧ್ವನಿಮುದ್ರಣಾಲಯವನ್ನು ಕಟ್ಟಿದನು. ಸ್ಥಳೀಯ ಬಾನುಲಿ ಕೇಂದ್ರವನ್ನೂ ನಡೆಸಿದನು. ಯಂತ್ರಗಳು ಹೆಚ್ಚಿದವು, ಜಾಗ ಹಿಗ್ಗಿತು. ಆದರೆ 7ನೆಯ ಬೀದಿಯ ಪುಟ್ಟ ಕೋಣೆಯ ಹಾಡುಗಳು ಪಡೆದ ಪ್ರಸಿದ್ಧಿ ದೊಡ್ಡ ಕಟ್ಟಡಕ್ಕೆ ಒಲಿಯಲಿಲ್ಲ.

ಆ ಕೋಣೆಯ ಪ್ರಭಾವ ಸಾಗರದಾಚೆಗೂ ಹಬ್ಬಿತ್ತು. ಮುಂದೆ ಬೀಟಲ್ಸ್ ಆಗಲಿದ್ದ ಲಿವರ್‌ಪೂಲ್‌ನ ಹುಡುಗರು 1958ರಲ್ಲಿ ತಮ್ಮ ಮೊದಲ ಧ್ವನಿಮುದ್ರಣಕ್ಕೆ ಆರಿಸಿಕೊಂಡದ್ದು ‘ದಟ್ಲ್ ಬಿ ದ ಡೇ’ಯನ್ನು. ಕೀಟದ ಹೆಸರಿನ ತಂಡವೊಂದು ಅವರ ತಂಡದ ಹೆಸರಿಗೂ ಪ್ರೇರಣೆಯಾಯಿತು. ರೋಲಿಂಗ್ ಸ್ಟೋನ್ಸ್ ತಂಡ 1964ರಲ್ಲಿ ‘ನಾಟ್ ಫೇಡ್ ಅವೇ’ಯನ್ನು ಹಾಡಿತು. 1970ರ ದಶಕದಲ್ಲಿ ಪೆಟ್ಟಿ ಹಾಲಿಯ ಹಾಡುಗಳ ಮೇಲಿನ ತನ್ನ ಪ್ರಕಾಶನ ಹಕ್ಕುಗಳನ್ನು ಮಾರಿದಾಗ ಕೊಂಡವನು ಅದೇ ಲಿವರ್‌ಪೂಲ್‌ನ ಪಾಲ್ ಮೆಕಾರ್ಟ್ನಿ. 1976ರಲ್ಲಿ ಲಂಡನ್ನಿನಲ್ಲಿ ಮೆಕಾರ್ಟ್ನಿ ಏರ್ಪಡಿಸಿದ ಹಾಲಿ ಸಪ್ತಾಹಕ್ಕೆ ಪೆಟ್ಟಿ ಅತಿಥಿಯಾಗಿ ಹೋಗಿದ್ದನು. ಹಾಡನ್ನು ಕೇಳಿ ಬೆಳೆದವನು ಹಾಡಿನ ಒಡೆಯನಾದನು. ಹಾಡಿದವನ ಮನೆಯವರ ಕೈಗೆ ಆ ಒಡೆತನ ಬರಲಿಲ್ಲ.

1984ರ ಆಗಸ್ಟ್ 15ರಂದು ಪೆಟ್ಟಿ ರಕ್ತದ ಕ್ಯಾನ್ಸರಿನಿಂದ ಲಬಕ್‌ನಲ್ಲಿ ನಿಧನನಾದನು. ಆತನ ವಯಸ್ಸು 57. ವೈ ಪೆಟ್ಟಿ 1992ರಲ್ಲಿ ತೀರಿಕೊಂಡಳು. 7ನೆಯ ಬೀದಿಯ ಧ್ವನಿಮುದ್ರಣಾಲಯವನ್ನು ಹಳೆಯ ಸಲಕರಣೆಗಳೊಂದಿಗೆ ಸಂರಕ್ಷಿಸಲಾಯಿತು. 2008ರಲ್ಲಿ ದಂಪತಿಗಳಿಬ್ಬರ ಹೆಸರಿನಲ್ಲಿ ಕ್ಲೋವಿಸ್‌ನಲ್ಲಿ ವಸ್ತುಸಂಗ್ರಹಾಲಯವೊಂದು ಆರಂಭವಾಯಿತು.

7

ಪೆಟ್ಟಿಯ ಬದುಕನ್ನು ಸಮಗ್ರವಾಗಿ ನೋಡಿದಾಗ ಪೋಷಕ ಮತ್ತು ವ್ಯವಹಾರಸ್ಥ ಎಂಬ ವಿಂಗಡಣೆ ಸಡಿಲವಾಗುತ್ತದೆ. ಹಾಡಿಗೆ ಇಷ್ಟೆಂದು ದರ ಕಟ್ಟಿದವನಿಗೆ ಹಾಡೇ ಲೆಕ್ಕದ ಮಾನ. ಕಾಲಕ್ಕೆ ಬೆಲೆ ಕಟ್ಟದೆ ಕಲಾವಿದರಿಗೆ ಇಡೀ ರಾತ್ರಿಯನ್ನು ಬಿಟ್ಟುಕೊಟ್ಟದ್ದೂ, ಮುಗಿದ ಹಾಡಿನಲ್ಲಿ ತನ್ನ ಹೆಸರನ್ನು ಬರೆದುಕೊಂಡದ್ದೂ ಆ ಒಂದೇ ಮಾನದ ಎರಡು ಮುಖಗಳು. ಹಾಡು ತನ್ನ ಕೋಣೆಯಲ್ಲಿ, ತನ್ನ ಕೈಯಿಂದ ಸಿದ್ಧಗೊಳ್ಳುತ್ತದೆಂಬ ಆತನ ನಂಬಿಕೆ ಪೂರ್ತಿ ಸುಳ್ಳಲ್ಲ. ‘ಪೆಗಿ ಸೂ’ವಿನ ಡ್ರಮ್ಮಿನ ಅಲೆ ಅದಕ್ಕೆ ಸಾಕ್ಷಿ. ಆದರೆ ಆ ನ್ಯಾಯ ಎಲ್ಲರಿಗೂ ಸಲ್ಲಬೇಕಾಗಿತ್ತು. ಪ್ರತಿಧ್ವನಿಯ ಗುಂಡಿ ತಿರುಗಿಸಿದವನು ಕರ್ತೃವಾಗುವುದಾದರೆ ಗಿಟಾರಿನ ಗುಂಡಿ ಬದಲಿಸಿದ ಸಲಿವನ್ನನೂ, ಸೆಲೆಸ್ಟ ನುಡಿಸಿದ ವೈ ಪೆಟ್ಟಿಯೂ ಕರ್ತೃಗಳಾಗಬೇಕಿತ್ತು. ‘ಪೆಗಿ ಸೂ’ವಿನ ಮೇಲೆ ಸಲಿವನ್ನನ ಹೆಸರಿಲ್ಲ, ‘ಎವ್ರಿಡೇ’ಯ ಮೇಲೆ ವೈಯ ಹೆಸರಿಲ್ಲ. ಸಾಮೂಹಿಕ ರಚನೆಯ ಸತ್ಯವನ್ನು ಪೆಟ್ಟಿ ಕಂಡಿದ್ದನು. ಆ ಸತ್ಯದ ಫಲವನ್ನು ಮಾತ್ರ ತನ್ನ ಹೆಸರಿಗೆ ಸೀಮಿತಗೊಳಿಸಿಕೊಂಡನು. ಆತನ ಮೇಲಿನ ಆಕ್ಷೇಪ ನಿಲ್ಲಬೇಕಾದದ್ದು ಇಲ್ಲಿ.

ಕೃತಿಯನ್ನು ಆಗುಮಾಡಿದವರು ಹಲವರಿದ್ದು ಹೆಸರು ನಮೂದಿಸಲು ಜಾಗ ಕಡಿಮೆಯಿದ್ದಾಗ ಆ ಜಾಗ ಸೇರುವುದು ಲೇಖನಿ ಹಿಡಿದವನ ಆಯ್ಕೆ. ಆಸ್ಥಾನದ ಕಾಲದಲ್ಲಿ ಅರಸನ ಹೆಸರು ಕವಿಯ ಹೆಸರನ್ನು ಮರೆಗೊಳಿಸಿದ ಸಂದರ್ಭಗಳಲ್ಲಿ ವಿದ್ವಾಂಸರು ಪಠ್ಯದ ಒಳಗಿನ ಆಧಾರಗಳನ್ನು ಹುಡುಕಬೇಕಾಯಿತು. ಕ್ಲೋವಿಸ್‌ನ ಹಾಡುಗಳ ವಿಷಯದಲ್ಲಿಯೂ ತಟ್ಟೆಯ ಮೇಲಿನ ಚೀಟಿ ಹೇಳದಿದ್ದುದನ್ನು ತಟ್ಟೆಯ ಒಳಗಿನ ಧ್ವನಿ ಹೇಳುತ್ತದೆ. ತೊಡೆ ತಟ್ಟಿದ ಕೈ, ಸೆಲೆಸ್ಟದ ಕಿರುಗಂಟೆ, ಹೊರಗಿನ ಕೊಠಡಿಯ ಡ್ರಮ್ಮು, ಕೊನೆಯಲ್ಲಿ ಚಿಲಿಪಿಲಿಗುಟ್ಟುವ ಕೀಟ ಎಲ್ಲವೂ ಅಲ್ಲಿವೆ. ಅವನ್ನೆಲ್ಲ ಒಂದೆಡೆ ಹಿಡಿದಿಟ್ಟವನೂ ಪೆಟ್ಟಿಯೇ.